ನಾವು ಆರಾಮ ಮಾಡಲು ಹೋದದ್ದು

ಗದಗಿನ ಕಡೆಯವರು ಫೋನ್ ಎತ್ತಿದ ಕೂಡಲೇ ಆಡುವ ಮೊದಲ ಮಾತು 'ಆರಾಮ?' ಎಂಬುದು. ಆ ಕಡೆಯಿಂದ 'ಆರಾಮ, ನೀವು?' ಎಂದು ಬರುತ್ತದೆ. ಈ ಕಡೆಯಿಂದಲೂ ಒಂದು 'ಆರಾಮ' ಹೋಗಬೇಕು. ಇಷ್ಟಾದ ಮೇಲೆ ಯಾರ ಮೊಣಕಾಲು ಹಿಡಿದಿದೆ, ಯಾರ ಮನೆಯ ಮದುವೆ ಮುರಿದಿದೆ ಎಂಬುದನ್ನೆಲ್ಲ ಸಾವಕಾಶವಾಗಿ ಮಾತಾಡಬಹುದು. ಪರದೇಶದ ಈ ಡನೀಡಿನ್ ಊರಿಗೆ ಬಂದು ಇಷ್ಟು ವರ್ಷವಾದರೂ ನನ್ನ ಈ ಚಟ ಹೋಗಿಲ್ಲ. ಕಚೇರಿಯಲ್ಲಿ ಯಾರಾದರೂ 'ಹೌ ಆರ್ ಯು' ಎಂದರೆ ನಾಲಿಗೆಯ ತುದಿಗೆ ಮೊದಲು ಬರುವುದು ಆರಾಮವೇ. ಅದನ್ನು ನುಂಗಿಕೊಂಡು 'ಗುಡ್, ಗುಡ್' ಎನ್ನುತ್ತೇನೆ.

ದಿನಕ್ಕೆ ಇಷ್ಟು ಸಲ ಹೇಳುವ ಈ ಶಬ್ದದ ಅರ್ಥ ನನಗೆ ಗೊತ್ತಿದೆಯೇ ಎಂದು ಕೇಳಿದರೆ ಸ್ವಲ್ಪ ಕಷ್ಟ. ನಮ್ಮ ಮನೆಯಲ್ಲೇ ಅದಕ್ಕೆ ಎರಡು ಅರ್ಥಗಳಿದ್ದವು. ಅಪ್ಪ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಕಾರಕೂನ. ಭಾನುವಾರ ಮಧ್ಯಾಹ್ನ ರೊಟ್ಟಿ ಉಂಡು, ನಡುಮನೆಯ ಕಲ್ಲುಹಾಸಿನ ಮೇಲೆ ಬರಿ ಮೈಯಲ್ಲಿ ಮಲಗಿ, ಹಸಿ ಟವೆಲ್ಲೊಂದನ್ನು ಮುಖದ ಮೇಲೆ ಹಾಕಿಕೊಂಡನೆಂದರೆ ಅದು ಆರಾಮ. ಆಗ ನಾವು ಮಕ್ಕಳು ಬೆಕ್ಕಿನ ಹಾಗೆ ನಡೆಯಬೇಕು. ಅವ್ವನಿಗೆ ಆರಾಮವೆಂದರೆ ಜ್ವರ ಇಲ್ಲ ಎಂದಷ್ಟೇ ಅರ್ಥ. 'ಆರಾಮಿಲ್ಲ' ಆದಾಗ ಮಾತ್ರ ಅವಳು ಹಗಲಿನಲ್ಲಿ ಮಲಗುತ್ತಿದ್ದಳು. ಒಂದು ಸಲ ಬೇಸಿಗೆಯ ಸೆಕೆಗೆ ಅವಳು ಸುಮ್ಮನೆ ಹಾಗೇ ಅಡ್ಡಾಗಿದ್ದನ್ನು ನೋಡಿ, ನಾನು ಹೆದರಿ ಓಡಿಹೋಗಿ ಓಣಿಯ ಡಾಕ್ಟರನ್ನು ಕರೆದುಕೊಂಡು ಬಂದಿದ್ದೆ. ಡಾಕ್ಟರು ನಗುತ್ತ ಚಹಾ ಕುಡಿದು ಹೋದರು. ಚಹಾ ಮಾಡಿಕೊಟ್ಟವಳು ಅವ್ವನೇ.

ನನ್ನ ಹೆಂಡತಿ ಗಿರಿಜಾ ಅವ್ವನ ಪಂಥದವಳು. ಊರು ವಿಜಯಪುರ, ಕೆಲಸ ಇಲ್ಲಿಯ ಆಸ್ಪತ್ರೆಯೊಂದರ ಹೃದಯದ ವಾರ್ಡಿನಲ್ಲಿ ನರ್ಸ್. ನಾನು ನಗರಸಭೆಯ ಪ್ರಯೋಗಾಲಯದಲ್ಲಿ ಕುಡಿಯುವ ನೀರನ್ನು ಪರೀಕ್ಷೆ ಮಾಡುವವನು. ನೀರನ್ನು ಬಾಟಲಿಯಲ್ಲಿ ಹಿಡಿದು ಬೆಳಕಿಗೆ ತೋರಿಸಿ ನೋಡುವುದರಲ್ಲೇ ನನ್ನ ಆಯುಷ್ಯ ಹೋಗಿದೆ. ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿಯಲು ಮಾತ್ರ ನನಗೆ ಇಂದಿಗೂ ಧೈರ್ಯವಿಲ್ಲ. ಇಂಥ ಇಬ್ಬರು ಮದುವೆಯಾಗಿ ಮಗಳನ್ನು ಬೆಳೆಸಿ, ಓದಿಸಿ, ಕ್ರೈಸ್ಟ್‌ಚರ್ಚಿನ ರಿಕ್ಕರ್ಟನ್ನಿನಲ್ಲಿ ಅವಳು ಕೆಲಸಕ್ಕೆ ಸೇರುವವರೆಗೆ ಒಂದು ಸಲವೂ ರಜೆಗೆಂದು ಎಲ್ಲಿಗೂ ಹೋಗಿರಲಿಲ್ಲ. ರಜೆ ಎಂದರೆ ಸೂಟ್‌ಕೇಸು ತೂಕ ಮಾಡಿಸಿ ಊರಿಗೆ ಹೋಗುವುದು, ಅಲ್ಲಿ ಮದುವೆ ಉಣ್ಣುವುದು, ಹಾಸಿಗೆ ಹಿಡಿದವರನ್ನು ಮಾತಾಡಿಸುವುದು, ಹೊಟ್ಟೆ ಕೆಡಿಸಿಕೊಂಡು ವಾಪಸು ಬರುವುದು.

ನಮಗೆ ರಜೆಯ ರುಚಿ ಹತ್ತಿಸಬೇಕೆಂದು ಪಣ ತೊಟ್ಟವಳು ಮಗಳು ಅನುಷಾ. ಅವಳಿಗೆ ನಮ್ಮ ಕನ್ನಡವೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳ ಗೆಳತಿಯ ಅಪ್ಪ ಅಮ್ಮ ಗ್ರೀಸಿನ ಯಾವುದೋ ದ್ವೀಪಕ್ಕೆ ಹೋಗಿ ಬಂದಿದ್ದರಂತೆ. ಅವರ ಫೋಟೊಗಳನ್ನು ಅವಳು ನಮಗೆ ಕಳಿಸಿದಳು. ಸುಣ್ಣ ಬಳಿದ ಮನೆಗಳು, ನೀಲಿ ಗುಮ್ಮಟ, ಕೆಳಗೆ ಅದಕ್ಕಿಂತ ನೀಲಿ ಸಮುದ್ರ; ಒಂದು ಮೇಜಿನ ಮುಂದೆ ಆ ಗಂಡ ಹೆಂಡತಿ ಏನೂ ಮಾಡದೆ ಕೂತಿದ್ದಾರೆ. ಗಿರಿಜಾ ಆ ಫೋಟೊವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದಳು. ಮೇಜಿನ ಮೇಲೆ ಊಟವೂ ಇರಲಿಲ್ಲ, ಕೈಯಲ್ಲಿ ಕೆಲಸವೂ ಇರಲಿಲ್ಲ. "ಇವರು ಏನ ಮಾಡಾಕತ್ತಾರ?" ಎಂದು ನನ್ನನ್ನು ಕೇಳಿದಳು. ನನಗೂ ಗೊತ್ತಾಗಲಿಲ್ಲ.

ಗ್ರೀಸಿನ ಮಾತು ಬಹಳ ದಿನ ಬಾಳಲಿಲ್ಲ. "ಅಷ್ಟ ದೂರ ವಿಮಾನದಾಗ ಹೋಗಿ ಬರೂದ್ರಾಗ ಆರಾಮಿಲ್ಲದಂಗ ಆಗತೈತಿ," ಎಂದು ಗಿರಿಜಾ ಕೈ ಕೊಡವಿದಳು. ಆದರೆ ಅವಳ ವಾರ್ಡಿನ ಮುಖ್ಯ ನರ್ಸ್ ಜೂಡಿಯ ಕಿವಿಗೆ ಈ ಸುದ್ದಿ ಬಿತ್ತು. ಜೂಡಿ ಈ ದ್ವೀಪರಾಷ್ಟ್ರದ ತೀರಾ ದಕ್ಷಿಣದವಳು. ನಕ್ಷೆಯಲ್ಲಿ ದಕ್ಷಿಣ ದ್ವೀಪದ ಕಾಲಬುಡಕ್ಕೆ ಬಿದ್ದ ಚೂರಿನಂತೆ ಕಾಣುವ ಸ್ಟೂವರ್ಟ್ ಐಲ್ಯಾಂಡಿನಲ್ಲಿ ಅವಳ ಅಜ್ಜ ಕಟ್ಟಿದ ಒಂದು ಹಳೆಯ ಮರದ ಮನೆ ಇದೆ. ರಜೆ ಕಳೆಯುವ ಇಂಥ ಸಣ್ಣ ಮನೆಗಳಿಗೆ ಉತ್ತರದವರು 'ಬ್ಯಾಚ್' ಎಂದರೆ ನಮ್ಮ ಕಡೆಯವರು 'ಕ್ರಿಬ್' ಎನ್ನುತ್ತಾರೆ. (ನಮ್ಮ ಕಡೆ ಎಂದೆನಲ್ಲ, ನೋಡಿ, ಡನೀಡಿನ್ ಯಾವಾಗ ನಮ್ಮ ಕಡೆಯಾಯಿತೋ ನನಗೇ ಗೊತ್ತಿಲ್ಲ.) ಜೂಡಿ ಕ್ರಿಬ್ಬಿನ ಕೀಲಿಕೈಯನ್ನು ಗಿರಿಜಾಳ ಕೈಗೆ ಹಾಕಿ, ವಸಂತದ ಒಂದು ವಾರಕ್ಕೆ ಅವಳ ಹೆಸರನ್ನು ಡ್ಯೂಟಿಯಿಂದ ತಾನೇ ತೆಗೆದು, ಅಲ್ಲಿ ಹೋಗಿ ಏನೂ ಮಾಡಕೂಡದು ಎಂದು ತಾಕೀತು ಮಾಡಿದಳು.

ಜೂಡಿ ಹಾಗೆ ಮಾಡಿದ್ದಕ್ಕೆ ಕಾರಣವಿತ್ತು. ಗಿರಿಜಾ ಕೆಲವು ವರ್ಷಗಳಿಂದ ಸರಿಯಾಗಿ ನಿದ್ದೆ ಮಾಡುತ್ತಿರಲಿಲ್ಲ. ಎಲ್ಲರ ಪಾಳಿಯನ್ನೂ ತಾನೇ ಕೇಳಿ ತೆಗೆದುಕೊಳ್ಳುತ್ತಿದ್ದಳು. ಮನೆಯಲ್ಲಿದ್ದಾಗ ಕಪಾಟು ತೆಗೆದು ಮಡಚಿದ ಬಟ್ಟೆಯನ್ನೇ ಮತ್ತೆ ಮಡಚುವಳು. ಮಲಗಿದರೆ ಫೋನು ದಿಂಬಿನ ಪಕ್ಕದಲ್ಲಿ, ಅದರ ಸದ್ದು ಪೂರಾ ದೊಡ್ಡದು. ಅದು ಸುಮ್ಮನಿದ್ದರೂ ಆಗಾಗ ಎದ್ದು ನೋಡುವಳು. ಅವಳ ತಾಯಿ ತೀರಿಕೊಂಡ ಮೇಲೆ ಶುರುವಾದದ್ದು ಅದು. ಆ ವಿಷಯವನ್ನು ನಾವಿಬ್ಬರೂ ಮಾತಾಡುತ್ತಿರಲಿಲ್ಲ.

ಹೊರಟೆವು. ಕಾರಿನ ಹಿಂಬದಿಯಲ್ಲಿ ಜೋಳದ ಹಿಟ್ಟು, ಶೇಂಗಾ ಚಟ್ನಿ, ಕುಕ್ಕರು, ಒಂದು ಡಬ್ಬಿ ಶೇಂಗಾ ಹೋಳಿಗೆ. ಬ್ಲಫ್ ಎಂಬ ಊರಿನಲ್ಲಿ ರಸ್ತೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಹಡಗು. ನಡುವಿನ ಜಲಸಂಧಿ ಸಿಟ್ಟಿನದು ಎಂದು ಕೇಳಿದ್ದೆ, ಅವತ್ತು ಅದರ ಸಿಟ್ಟು ನೆತ್ತಿಗೇರಿತ್ತು. ಹಡಗು ಅಲೆ ಏರುವಾಗ ಆಕಾಶವಷ್ಟೇ ಕಾಣುವುದು, ಇಳಿಯುವಾಗ ನೀರಷ್ಟೇ ಕಾಣುವುದು. ನಾನು ಕುರ್ಚಿಯ ಕೈ ಹಿಡಿದು ಕಣ್ಣು ಮುಚ್ಚಿದ್ದೆ. ಗಿರಿಜಾ ಎಂದಿನಂತೆ ಕೆಲಸ ಹುಡುಕಿಕೊಂಡಿದ್ದಳು: ಪಕ್ಕದ ಸಾಲಿನಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದ ಮುದುಕಿಯೊಬ್ಬಳ ಬೆನ್ನು ನೀವುತ್ತಿದ್ದಳು. ಒಮ್ಮೆ ನನ್ನ ತೋಳು ತಟ್ಟಿ ಹೊರಗೆ ನೋಡಲು ಹೇಳಿದಳು. ಕಿಟಕಿಯ ಆಚೆ, ನಮ್ಮ ಸಮಕ್ಕೆ, ಆಲ್ಬಟ್ರಾಸ್ ಎಂಬ ದೊಡ್ಡ ಕಡಲ ಹಕ್ಕಿಯೊಂದು ಹಾರುತ್ತಿತ್ತು. ಹಾರುತ್ತಿತ್ತು ಎಂದದ್ದು ತಪ್ಪು. ಅದು ರೆಕ್ಕೆ ಬಡಿಯುತ್ತಲೇ ಇರಲಿಲ್ಲ. ಆ ಕುಣಿಯುವ ಗಾಳಿಯಲ್ಲಿ ಎರಡು ಉದ್ದನೆಯ ರೆಕ್ಕೆಗಳನ್ನು ಚಾಚಿ ಒರಗಿಕೊಂಡಿತ್ತು, ಅಷ್ಟೇ. ಅಲೆ ಎದ್ದರೆ ಅದರ ಮೈ ಉಜ್ಜುವಷ್ಟು ಹತ್ತಿರ ಜಾರಿ ಮತ್ತೆ ಮೇಲೆ ಬರುತ್ತಿತ್ತು. ಕುರ್ಚಿಯ ಕೈಯನ್ನು ನಾನು ಯಾವಾಗ ಬಿಟ್ಟೆನೋ ಗೊತ್ತಾಗಲಿಲ್ಲ.

ಕ್ರಿಬ್ಬು ಸಮುದ್ರಕ್ಕೆ ಮುಖ ಮಾಡಿತ್ತು. ತಗಡಿನ ಛಾವಣಿ, ಮುಂದೆ ಹಲಗೆಯ ಜಗಲಿ, ಹಿಂದೆ ಕಾಡು. ಆ ಕಾಡಿನಲ್ಲಿ ಜರೀಗಿಡಗಳು ಮರದಷ್ಟು ಎತ್ತರ ಬೆಳೆದು ಕೊಡೆ ಬಿಚ್ಚಿ ನಿಂತಿದ್ದವು. ಏನೂ ಮಾಡಕೂಡದು ಎಂಬ ಜೂಡಿಯ ಆಜ್ಞೆಯನ್ನು ನಾವು ಬಾಗಿಲು ತೆಗೆದ ಗಳಿಗೆಯಲ್ಲೇ ಮುರಿದೆವು. ಗಿರಿಜಾ ಕಿಟಕಿಗಳ ಉಪ್ಪನ್ನು ಒರೆಸಿದಳು, ಹಾಸಿಗೆಗಳನ್ನು ಬಿಸಿಲಿಗೆ ಹಾಕಿದಳು, ಒಲೆಯನ್ನು ತಿಕ್ಕಿದಳು. ನಾನು ಸೋರುವ ನಳಕ್ಕೆ ದಾರ ಸುತ್ತಿದೆ. ಮರುದಿನ ಜಗಲಿ ತೊಳೆದೆವು. ಆಮೇಲೆ ಮನೆಯಲ್ಲಿ ಕೊಳೆ ಎಂಬುದೇ ಉಳಿಯಲಿಲ್ಲ, ನಮ್ಮ ಕೈಕಾಲು ಆಡದಂತಾಯಿತು. ಜಗಲಿಯ ಎರಡು ಕುರ್ಚಿಗಳಲ್ಲಿ ಆ ಗ್ರೀಸಿನ ದಂಪತಿಯಂತೆ ಕೂತು ನೋಡಿದೆವು. ಗಿರಿಜಾಳ ಕಾಲು ಕುಣಿಯುತ್ತಿತ್ತು. ನಾನು ಸಮುದ್ರದ ಬಣ್ಣ ನೋಡಿ, ಅದರಲ್ಲಿ ಕ್ಲೋರಿನ್ ಎಷ್ಟು ಬೇಕಾದೀತು ಎಂದು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಕಾಡಿನಿಂದ ಕಾಕಾ ಎಂಬ ಕಂದು ಗಿಳಿಯೊಂದು ಬಂದು ಕಟಾಂಜನದ ಮೇಲೆ ಕೂತಿತು. ಒಂದು ಕಣ್ಣಿನಿಂದ ನಮ್ಮನ್ನು ಅಳೆಯಿತು. ಮೆಲ್ಲಗೆ ನಡೆದು ಬಂದು, ಗಿರಿಜಾಳ ತಟ್ಟೆಯಿಂದ ಹೋಳಿಗೆಯನ್ನು ಎತ್ತಿ, ಒಂದು ಕಾಲಿನಲ್ಲಿ ಹಿಡಿದು, ನಮ್ಮೆದುರೇ ತಿಂದಿತು. ರೆಕ್ಕೆ ಎತ್ತಿದಾಗ ಒಳಗೆ ಕೆಂಡದಂಥ ಕೆಂಪು. ಇಡೀ ಭೂಮಿಯಲ್ಲಿ ಶೇಂಗಾ ಹೋಳಿಗೆಯನ್ನು ಅಷ್ಟು ಆರಾಮವಾಗಿ ತಿಂದವರನ್ನು ನಾನು ನೋಡಿಲ್ಲ.

ಅದರ ಮರುದಿನ ಬಿಸಿಲು ಚೆನ್ನಾಗಿತ್ತು. ಕೊಲ್ಲಿಯ ಅಂಚಿಗೆ ನಡೆದು ಹೋದರೆ ಗುಡ್ಡದ ಮೂಗಿನ ಆಚೆ ಒಂದು ಸಣ್ಣ ಬೀಚು ಇದೆ, ಅದರ ತುದಿಗೆ ಚಪ್ಪಟೆ ಬಂಡೆಯಿದೆ ಎಂದು ಜೂಡಿ ಹೇಳಿದ್ದಳು. ಉಬ್ಬರದ ಹೊತ್ತಿಗೆ ದಾರಿಯ ಮರಳು ಮುಳುಗುತ್ತದೆ, ನೋಡಿಕೊಂಡು ಹೋಗಿ ಎಂದೂ ಹೇಳಿದ್ದಳು. ಮೊದಲ ಅರ್ಧ ನಮಗೆ ನೆನಪಿತ್ತು. ಬುತ್ತಿ ಕಟ್ಟಿಕೊಂಡು ಹೋದೆವು. ಬಂಡೆ ಎತ್ತರಕ್ಕಿತ್ತು, ಬೆನ್ನಿಗೆ ಗಾಳಿ ತಡೆಯುವ ಗುಡ್ಡ, ಮೈಗೆ ಹಿತವಾದ ಬಿಸಿಲು. ಬಂಡೆಯ ಬುಡದಲ್ಲೇ ನೀರು ಆಳ. ಕರಿಹಸಿರು ಬಣ್ಣದ ಕೆಲ್ಪ್ ಎಂಬ ಕಡಲ ಸೊಪ್ಪು ಅದರಲ್ಲಿ ತೊಗಲಿನ ಪಟ್ಟಿಯಂತೆ ಹೊರಳಾಡುತ್ತಿತ್ತು. ರೊಟ್ಟಿ ಬಿಚ್ಚಿ ಉಂಡು ತಲೆ ಎತ್ತಿ ನೋಡಿದರೆ ನಾವು ಬಂದ ಮರಳ ದಾರಿ ಇರಲಿಲ್ಲ. ಅಲ್ಲಿ ಸಮುದ್ರ ಇತ್ತು.

ಅಪಾಯವೇನೂ ಇರಲಿಲ್ಲ. ಬಂಡೆಯ ಮೇಲ್ಭಾಗಕ್ಕೆ ನೀರು ಬರುವುದಿಲ್ಲವೆಂಬುದು ಅಲ್ಲಿ ಬೆಳೆದಿದ್ದ ಹುಲ್ಲನ್ನು ನೋಡಿದರೇ ತಿಳಿಯುತ್ತಿತ್ತು. ನೀರು ಇಳಿಯುವವರೆಗೆ ಕಾಯಬೇಕು, ಅಷ್ಟೇ. ಇದನ್ನೆಲ್ಲ ನನಗೆ ಬಿಡಿಸಿ ಹೇಳಿದವಳು ಗಿರಿಜಾ. ನಾನಾಗಲೇ ಗುಡ್ಡ ಹತ್ತಲು ಬೇರು ಹಿಡಿದು ಜೋತಾಡುತ್ತಿದ್ದೆ. ನನ್ನನ್ನು ಇಳಿಸಿ ಕೂರಿಸಿ, ಆಮೇಲೆ ಅವಳು ಫೋನು ತೆಗೆದು ನೋಡಿದಳು. ಅವಳ ಮುಖ ಕಪ್ಪಾಯಿತು.

"ಸಿಗ್ನಲ್ ಇಲ್ರಿ."

ಯಾರಿಗೆ ಮಾಡಬೇಕಾಗಿತ್ತು ಎಂದು ಕೇಳಿದೆ.

"ನಾ ಯಾರಿಗೂ ಮಾಡೂದಿಲ್ಲ. ಯಾರರ ಮಾಡಿದ್ರ?"

ಯಾರು ಮಾಡಬಹುದಿತ್ತೋ ಅವರು ಹೋಗಿ ವರ್ಷಗಳಾಗಿದ್ದವು.

ಆದದ್ದು ಇಷ್ಟು. ಸಾಂಕ್ರಾಮಿಕದ ಭಯಕ್ಕೆ ದೇಶದೇಶಗಳ ಬಾಗಿಲು ಮುಚ್ಚಿದ್ದ ಕಾಲ ಅದು. ವಿಜಯಪುರದಲ್ಲಿ ಅತ್ತೆಯವರಿಗೆ ಉಸಿರಾಟದ ತೊಂದರೆಯಾಗಿ ಆಸ್ಪತ್ರೆಗೆ ಸೇರಿಸಿದ್ದರು. ಇಲ್ಲಿಂದ ಯಾರೂ ಹೋಗುವಂತಿರಲಿಲ್ಲ. ಹೋದರೆ ಯಾವಾಗ ಮರಳಿ ಬರುತ್ತೇವೆಂದು ಹೇಳುವವರಿರಲಿಲ್ಲ. ಗಿರಿಜಾ ದಿನವೂ ವಾರ್ಡಿನಲ್ಲಿ ಯಾರದೋ ತಾಯಂದಿರ ಕೈ ಹಿಡಿದು, ಮನೆಗೆ ಬಂದು ಫೋನಿನಲ್ಲಿ ತನ್ನ ತಾಯಿಯ ಮುಖ ನೋಡುತ್ತಿದ್ದಳು. ಒಂದು ಬೆಳಗ್ಗೆ ರಾತ್ರಿಪಾಳಿ ಮುಗಿಸಿ ಬಂದವಳು ಫೋನಿನ ಸದ್ದು ತೆಗೆದು ಮಲಗಿದಳು. ಎದ್ದು ನೋಡಿದಾಗ ಅವಳ ಅಣ್ಣ ಮತ್ತೆ ಮತ್ತೆ ಮಾಡಿದ್ದ ಕರೆಗಳು ಇದ್ದವು. ಅತ್ತೆ ಕೊನೆಗೆ 'ಗಿರಿಜವ್ವಗ ಫೋನ್ ಹಚ್ಚು' ಎಂದು ಕೇಳಿದ್ದರಂತೆ. ಹಚ್ಚಿದ್ದ. ಇವಳು ಮಲಗಿದ್ದಳು. ಮರುದಿನ ಮಣ್ಣು ಮಾಡುವುದನ್ನು ಅಣ್ಣ ಫೋನಿನಲ್ಲಿ ತೋರಿಸಿದ. ನಡುವೆ ಚಿತ್ರ ನಿಂತುಹೋಯಿತು. ನಿಂತ ಆ ಚಿತ್ರದಲ್ಲಿ ಯಾರದೋ ಬೆನ್ನು ಇತ್ತು, ಹಾರದ ಒಂದು ತುದಿ ಇತ್ತು. ಗಿರಿಜಾ ಅದನ್ನೇ ನೋಡುತ್ತ ಕೂತಿದ್ದಳು.

ಬಂಡೆಯ ಮೇಲೆ ಅವಳು ಫೋನನ್ನು ಚೀಲಕ್ಕೆ ಹಾಕಿದಳು, ಮತ್ತೆ ತೆಗೆದಳು, ಮತ್ತೆ ಹಾಕಿದಳು. ಮಾಡಲು ಯಾವ ಕೆಲಸವೂ ಇರಲಿಲ್ಲ. ಒರೆಸಲು ಕಿಟಕಿಯಿಲ್ಲ, ಮಡಚಲು ಬಟ್ಟೆಯಿಲ್ಲ, ಎದ್ದು ಹೋಗಲು ಜಾಗವಿಲ್ಲ. ಬಹಳ ಹೊತ್ತು ನೀರನ್ನೇ ನೋಡಿದಳು. ಆಮೇಲೆ, ನನ್ನ ಕಡೆ ತಿರುಗದೆಯೇ ಹೇಳಿದಳು:

"ಅವತ್ತ ನಾ ಮಲಗಬಾರದಿತ್ತು."

ಅಷ್ಟು ವರ್ಷಗಳಲ್ಲಿ ಮೊದಲ ಸಲ ಆ ಮಾತು ಅವಳ ಬಾಯಿಂದ ಹೊರಗೆ ಬಂದಿತ್ತು. ರಾತ್ರಿಯಿಡೀ ದುಡಿದು ಬಂದವಳು ಮಲಗದೆ ಇನ್ನೇನು ಮಾಡಬೇಕಿತ್ತು ಎಂದೆ. ಅದು ತನಗೂ ಗೊತ್ತಿದೆ ಎಂದಳು. ಬೇರೆ ಯಾರಿಗಾದರೂ ಇದೇ ಆಗಿದ್ದರೆ ತಾನೂ ಹೀಗೇ ಸಮಾಧಾನ ಹೇಳುತ್ತಿದ್ದೆ, ವಾರ್ಡಿನಲ್ಲಿ ಎಷ್ಟೋ ಮಂದಿಗೆ ಹೇಳಿದ್ದೇನೆ ಎಂದಳು. ಆಮೇಲೆ ಸ್ವಲ್ಪ ಅತ್ತಳು. ಕಣ್ಣು ಒರೆಸಿಕೊಂಡು, "ಒಂದ ಸ್ವಲ್ಪ ಒರಗತೀನಿ," ಎಂದು ಚೀಲವನ್ನು ತಲೆಯ ಕೆಳಗೆ ಇಟ್ಟುಕೊಂಡಳು. ನನ್ನ ಜಾಕೆಟ್ಟನ್ನು ಹೊದಿಸಿದೆ. ನೋಡುತ್ತಿದ್ದಂತೆ ಅವಳ ಉಸಿರು ಉದ್ದವಾಯಿತು, ಬಾಯಿ ತುಸು ತೆರೆಯಿತು. ಹಗಲಿನ ಬೆಳಕಿನಲ್ಲಿ ಅವಳು ಹಾಗೆ ಮಲಗಿದ್ದನ್ನು ನಾನು ನೋಡಿದ್ದೇ ಇಲ್ಲವೇನೋ. ಹಣೆಯ ಗೆರೆಗಳೆಲ್ಲ ಸಡಿಲಾಗಿ, ಮದುವೆಯ ಹೊಸತರಲ್ಲಿ ಇದ್ದ ಮುಖ ಅಲ್ಲಿ ಬಂದು ಕೂತಿತ್ತು.

ತಿಮಿಂಗಿಲ ಬಂದದ್ದು ಆಗ.

ಮೊದಲು ಸದ್ದು ಬಂತು. ಕಮ್ಮಾರನ ತಿದಿಯನ್ನು ಯಾರೋ ಒಮ್ಮೆಲೇ ಪೂರಾ ಒತ್ತಿದ ಹಾಗೆ. ತಿರುಗಿ ನೋಡಿದರೆ ಕೊಲ್ಲಿಯ ಬಾಯಲ್ಲಿ ಹಬೆಯಂಥದ್ದು ಎರಡು ಕವಲಾಗಿ ಗಾಳಿಯಲ್ಲಿ ನಿಂತು ಕರಗುತ್ತಿತ್ತು. ಅದರ ಕೆಳಗೆ ಒಂದು ಕರಿ ಬಂಡೆ. ಆ ಬಂಡೆ ಅಲ್ಲಿ ಮೊದಲು ಇರಲಿಲ್ಲ ಎಂದು ನಾನು ಯೋಚಿಸುತ್ತಿರುವಾಗಲೇ ಅದು ನಮ್ಮ ಕಡೆಗೆ ಹೊರಟಿತು. ಅವಸರವೇ ಇಲ್ಲ. ಅದರ ಪಕ್ಕಕ್ಕೆ ಅಂಟಿಕೊಂಡು ಇನ್ನೊಂದು ಸಣ್ಣದು. ಸಣ್ಣದು ಎಂದರೆ ನಮ್ಮ ಕಾರಿಗಿಂತ ದೊಡ್ಡದು. ತಾಯಿ ಮತ್ತು ಮರಿ.

ನಾನು ಹುಡುಗನಾಗಿದ್ದಾಗ ಮಠದ ಆನೆಯೊಂದು ನಮ್ಮ ಓಣಿಗೆ ಬಂದಿತ್ತು. ಬಾಳೆಹಣ್ಣು ಕೊಡಲು ಕೈ ಚಾಚಿದಾಗ ಅದರ ಬಿಸಿ ಉಸಿರು ಅಂಗೈಗೆ ತಾಗಿ, ನಾನು ಹಣ್ಣು ಬಿಟ್ಟು ಅಪ್ಪನ ಧೋತರ ಹಿಡಿದಿದ್ದೆ. ಹೆದರಿಕೆ ಅನ್ನುವುದಕ್ಕಿಂತ, ಇಷ್ಟು ದೊಡ್ಡದೊಂದು ಜೀವ ಇದೆ, ಅದು ನನ್ನ ಹಾಗೆಯೇ ಉಸಿರಾಡುತ್ತದೆ ಎಂಬುದು ಮೈಗೆ ತಿಳಿದ ಗಳಿಗೆ ಅದು. ಆಮೇಲೆ ದೊಡ್ಡವನಾದೆ, ಓದಿದೆ, ದೇಶ ಬಿಟ್ಟೆ. ಆ ಗಳಿಗೆ ಮತ್ತೆ ಬಂದಿರಲಿಲ್ಲ. ಈಗ ಬಂಡೆಯ ಅಂಚಿನಲ್ಲಿ ಕೂತವನ ಎದೆ ಅದೇ ಹುಡುಗನ ಎದೆಯಂತೆ ಹೊಡೆದುಕೊಳ್ಳುತ್ತಿತ್ತು, ಹಿಡಿದುಕೊಳ್ಳಲು ಯಾರ ಧೋತರವೂ ಇರಲಿಲ್ಲ.

ತಾಯಿ ಬಂದು ಬಂಡೆಯ ಬುಡದ ಆಳದಲ್ಲಿ ನಿಂತಿತು. ಕೆಲ್ಪಿನ ಪಟ್ಟಿಗಳ ನಡುವೆ ಹೊರಳಿ, ಮೈ ಉಜ್ಜಿಕೊಂಡಿತು. ನಾನೊಂದು ಕಲ್ಲು ಬೀಳಿಸಿದ್ದರೆ ಅದರ ಬೆನ್ನ ಮೇಲೆ ಬೀಳುತ್ತಿತ್ತು. ಬೆನ್ನು ನುಣ್ಣಗೆ, ಕಪ್ಪಗೆ, ಒದ್ದೆಯಾಗಿ ಆಕಾಶವನ್ನೇ ತೋರಿಸುತ್ತಿತ್ತು. ತಲೆಯ ಮೇಲೆ ಅಲ್ಲಲ್ಲಿ ಹಳೆ ಗೋಡೆಯ ಸುಣ್ಣದ ಹಕ್ಕಳೆಯಂಥ ಬಿಳಿ ಗಡ್ಡೆಗಳು. ಮುಚ್ಚಿದ ಬಾಯಿಯ ಗೆರೆ ಕಮಾನಿನಂತೆ ಮೇಲೆದ್ದು ಇಳಿದು, ಅದರ ಕೊನೆಗೆ ಕಣ್ಣು. ಇಷ್ಟು ದೊಡ್ಡ ಮೈಗೆ ಅಷ್ಟು ಸಣ್ಣ ಕಣ್ಣು ಹೇಗೆ ಸಾಕಾಗುತ್ತದೋ. ಅದು ನೀರಿನ ಮೇಲೆ ಬಂದಾಗ ನನ್ನನ್ನು ನೋಡಿತು ಎನ್ನಲಾರೆ. ನಾನಿದ್ದ ಕಡೆ ಅದು ತೆರೆದಿತ್ತು. ಮರಿ ತಾಯಿಯ ಬೆನ್ನ ಮೇಲೆ ಹತ್ತಿ, ಜಾರಿ, ಈ ಬದಿಯಿಂದ ಆ ಬದಿಗೆ ಬಂತು. ತಾಯಿ ಅಗಲವಾದ ಈಜುರೆಕ್ಕೆಯನ್ನು ಎತ್ತಿ ಅದನ್ನು ತನ್ನ ಕಡೆ ಎಳೆದುಕೊಂಡಿತು. ಸಮುದ್ರ ಅವುಗಳ ಸುತ್ತ ತೊಟ್ಟಿಲಿನಂತೆ ತೂಗುತ್ತಿತ್ತು.

ಗಿರಿಜಾಳನ್ನು ಎಬ್ಬಿಸಬೇಕು. ಮೊದಲು ಅನ್ನಿಸಿದ್ದೇ ಅದು. ಕೈ ಆಗಲೇ ಅವಳ ಭುಜದ ಹತ್ತಿರ ಹೋಗಿತ್ತು. ಹಾಗೇ ನಿಂತಿತು.

ಎಬ್ಬಿಸದಿದ್ದರೆ, ಮಲಗಿದ್ದಕ್ಕಾಗಿ ಅವಳು ಕಳೆದುಕೊಂಡದ್ದರ ಜೊತೆ ಇದೂ ಸೇರುತ್ತದೆ. ಇಂಥದ್ದು ನಿನ್ನ ಕಾಲ ಬುಡದಲ್ಲಿ ಬಂದು ನಿಂತಿತ್ತು, ನೀನು ಮಲಗಿದ್ದೆ ಎಂದು ನಾನು ಯಾವ ಬಾಯಿಂದ ಹೇಳಲಿ? ಎಬ್ಬಿಸಿದರೆ, ಇಷ್ಟು ವರ್ಷಗಳ ಮೇಲೆ ತಾನಾಗಿ ಬಂದ ಈ ನಿದ್ದೆ ಹೋಗುತ್ತದೆ. ಬೆಚ್ಚಿ ಏಳುವಳು, ಎದ್ದ ಕೂಡಲೇ ಫೋನು ಹುಡುಕುವಳು. ತಿಮಿಂಗಿಲ ಇನ್ನೊಂದು ಸಲ ಬರಬಹುದು, ಬರದೆಯೂ ಇರಬಹುದು. ನಿದ್ದೆಯೂ ಹಾಗೆಯೇ. ಪ್ರಯೋಗಾಲಯದಲ್ಲಿ ಯಾವ ನೀರು ಕುಡಿಯಲು ಯೋಗ್ಯ, ಯಾವುದು ಅಲ್ಲ ಎಂದು ದಿನವೂ ತೀರ್ಮಾನ ಮಾಡುವ ನನಗೆ ಅಲ್ಲಿ ಒಂದು ತೀರ್ಮಾನ ಮಾಡಲಾಗಲಿಲ್ಲ. ನನ್ನ ಫೋನು ಕೂಡ ಅವಳ ತಲೆಯ ಕೆಳಗಿನ ಚೀಲದಲ್ಲೇ ಇತ್ತು. ಚಿತ್ರವಾದರೂ ತೆಗೆಯೋಣವೆಂದರೆ ಅದಕ್ಕೂ ಅವಳ ತಲೆ ಎತ್ತಬೇಕು.

ಅಷ್ಟರಲ್ಲಿ ತಾಯಿ ಮತ್ತೊಮ್ಮೆ ಉಸಿರು ಬಿಟ್ಟಿತು, ನಮ್ಮ ಪಕ್ಕದಲ್ಲೇ. ಬಂಡೆ ಅದುರಿತು ಎಂದು ನನಗನ್ನಿಸಿತು. ಮೀನಿನ ವಾಸನೆಯ ತಣ್ಣನೆ ತುಂತುರು ಗಾಳಿಯಲ್ಲಿ ತೇಲಿ ಬಂದು ನನ್ನ ಕನ್ನಡಕದ ಮೇಲೆ, ಅವಳ ಕೆನ್ನೆಯ ಮೇಲೆ ಕೂತಿತು. ಈಗ ಎದ್ದಾಳು ಎಂದುಕೊಂಡೆ. ಗಿರಿಜಾ ಮೂಗು ಸುಕ್ಕಿಸಿ, ಅಂಗೈಯಿಂದ ಕೆನ್ನೆ ಒರೆಸಿಕೊಂಡು, ಮಗ್ಗಲು ಬದಲಿಸಿ, ಇನ್ನೂ ಆಳಕ್ಕೆ ಹೋದಳು.

ನಾನು ಕೈಯನ್ನು ಮರಳಿ ತೆಗೆದುಕೊಂಡೆ. ಆಮೇಲೆ ಯೋಚನೆ ಮಾಡಲಿಲ್ಲ. ಒಂದು ಕಡೆ ಅದು ಉಸಿರಾಡುತ್ತಿತ್ತು, ಒಂದು ಕಡೆ ಇವಳು. ನಡುವೆ ನಾನು ಎಚ್ಚರವಾಗಿ ಕೂತಿದ್ದೆ. ಎಷ್ಟು ಹೊತ್ತು ಎಂದು ಕೇಳಬೇಡಿ. ಗಡಿಯಾರ ನೋಡುವುದು ಅವತ್ತು ಮರ್ಯಾದೆಯಲ್ಲ ಅನ್ನಿಸಿತ್ತು. ಕೊನೆಗೊಮ್ಮೆ ಯಾರೂ ಕರೆಯದಿದ್ದರೂ ತಾಯಿ ಹೊರಳಿ, ಮರಿಯನ್ನು ಮುಂದೆ ಬಿಟ್ಟುಕೊಂಡು, ಕೊಲ್ಲಿಯ ಬಾಯಿಗೆ ಹೊರಟಿತು. ದೂರದಲ್ಲಿ ಬಾಲ ಮೇಲೆದ್ದಿತು. ಅದರಿಂದ ಸುರಿಯುವ ನೀರಿಗೆ ಇಳಿಬಿಸಿಲು ಬಿದ್ದಿತ್ತು. ಬಾಲ ಒಂದು ಗಳಿಗೆ ಹಾಗೇ ನಿಂತು, ಸದ್ದಿಲ್ಲದೆ ಒಳಗೆ ಹೋಯಿತು. ಆಮೇಲೆ ಉಳಿದದ್ದು ಬರಿ ಸಮುದ್ರ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಕೈಮುಗಿದುಕೊಂಡಿದ್ದೆ ಕೂಡ, ಯಾವಾಗ ಮುಗಿದೆನೋ ಗೊತ್ತಿಲ್ಲ.

ಗಿರಿಜಾ ಏಳುವಾಗ ಮರಳಿನ ದಾರಿ ಮತ್ತೆ ಬಿಚ್ಚಿಕೊಂಡಿತ್ತು. ಕೆನ್ನೆಯ ಮೇಲೆ ಚೀಲದ ಜಿಪ್ಪಿನ ಗುರುತು ಮೂಡಿತ್ತು. ಬಹಳ ಹೊತ್ತು ಮಲಗಿದೆನೇನು ಎಂದು ಕೇಳಿದಳು. ಹೌದೆಂದೆ. ಅವಳು ಫೋನು ತೆಗೆಯದೆ ಚೀಲ ಹೆಗಲಿಗೆ ಹಾಕಿಕೊಂಡದ್ದನ್ನು ಗಮನಿಸಿದೆ. ದಾರಿಯುದ್ದಕ್ಕೂ ಹೇಳಬೇಕೆಂದು ಬಾಯಿ ತೆರೆದು ಮುಚ್ಚಿದೆ. ಕ್ರಿಬ್ಬಿಗೆ ಬಂದು ಅವಳು ಚಹಾಕ್ಕೆ ಇಟ್ಟಾಗ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಎಬ್ಬಿಸಲು ಹೋದ ಕೈಯನ್ನು ಹಿಂದೆ ತೆಗೆದುಕೊಂಡದ್ದನ್ನೂ ಹೇಳಿದೆ.

ಅವಳು ಒಲೆ ಆರಿಸಿದಳು. ನನ್ನನ್ನು ದಾಟಿ ಜಗಲಿಗೆ ಹೋಗಿ, ಸಮುದ್ರಕ್ಕೆ ಮುಖ ಮಾಡಿ ನಿಂತಳು. ಮುಗಿಯಿತು, ಇನ್ನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ ಎಂದುಕೊಂಡು ನಾನು ಒಳಗೇ ನಿಂತೆ. ಅವಳು ಅಲ್ಲಿಂದಲೇ ಕೇಳಿದಳು. ಮರಿ ಎಡಕ್ಕಿತ್ತೋ ಬಲಕ್ಕಿತ್ತೋ? ಅದು ಚೆನ್ನಾಗಿ ಉಸಿರಾಡುತ್ತಿತ್ತೇ? ತಾಯಿ ದಣಿದಂತೆ ಕಂಡಿತೇ? ಥೇಟು ವಾರ್ಡಿನಲ್ಲಿ ಪಾಳಿ ಬದಲಾಗುವಾಗ ಕೇಳುವ ಪ್ರಶ್ನೆಗಳು. ನನಗೆ ಗೊತ್ತಿದ್ದಷ್ಟು ಹೇಳಿದೆ.

"ನನ್ನ ನಿದ್ದಿ ಮುರೀಬಾರದು ಅಂತ ಅಷ್ಟ ದೊಡ್ಡ ತಿಮಿಂಗಲಾನ ಒಬ್ಬರ ನೋಡಕೋತ ಕುಂತಿದ್ರಿ?"

ಹೂಂ ಎಂದೆ.

ಅವಳು ತಿರುಗಿದಳು. ಸಿಟ್ಟಿರಲಿಲ್ಲ. "ಇರಲಿ ಬಿಡ್ರಿ," ಎಂದಳು. "ನಾ ಮಲಗಿದ್ರ ಏನಾತು, ನೀವು ಎಚ್ಚರಿದ್ರಲ್ಲ." ಬೇರೆ ದನಿಯಲ್ಲಿ ಮತ್ತೆ ಹೇಳಿದಳು: "ಅವತ್ತ ಅವ್ವನ ಹತ್ತರ ಅಣ್ಣ ಎಚ್ಚರಿದ್ದ."

ಆ ಸಂಜೆ ನಾವು ಜಗಲಿಯಲ್ಲಿ ಕೂತೆವು. ಏನು ಮಾಡಿದಿರಿ ಎಂದು ಕೇಳಿದರೆ ಏನೂ ಮಾಡಲಿಲ್ಲ. ಉಳಿದ ದಿನಗಳಲ್ಲಿ ಆ ಬಂಡೆಗೆ ಮತ್ತೆ ಹೋದೆವು, ಈ ಸಲ ಉಬ್ಬರ ನೋಡಿಕೊಂಡು. ತಿಮಿಂಗಿಲ ಬರಲಿಲ್ಲ. ಒಂದು ಕಾಲದಲ್ಲಿ ಇವನ್ನು ಎಣ್ಣೆಗಾಗಿ ಬೇಟೆಯಾಡಿ ಈ ತೀರದಿಂದಲೇ ಇಲ್ಲವಾಗಿಸಿದ್ದರು, ಈಗ ಒಂದೊಂದಾಗಿ ಮರಳಿ ಬರುತ್ತಿವೆ ಎಂದು ಊರಿನ ಅಂಗಡಿಯವಳು ಹೇಳಿದಳು. ಈ ನಾಡಿನ ಮೂಲನಿವಾಸಿಗಳಾದ ಮಾವೊರಿಯವರು ಅದನ್ನು ತೊಹೊರಾ ಎನ್ನುತ್ತಾರಂತೆ. ಗಿರಿಜಾ ಆ ಹೆಸರನ್ನು ನಾಲ್ಕು ಸಲ ಬಾಯಲ್ಲಿ ಆಡಿಸಿ ಕಲಿತಳು.

ಡನೀಡಿನ್ನಿಗೆ ಮರಳಿದ ಮೇಲೆ ಎಲ್ಲವೂ ಒಮ್ಮೆಲೇ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅವಳಿಗೆ ಈಗಲೂ ಕೆಲವು ರಾತ್ರಿ ನಿದ್ದೆ ಬರುವುದಿಲ್ಲ. ಆದರೆ ಫೋನು ಅಡುಗೆಮನೆಯ ಕಟ್ಟೆಗೆ ಹೋಗಿದೆ. ಭಾನುವಾರ ಮಧ್ಯಾಹ್ನ ಒಮ್ಮೊಮ್ಮೆ ಸೋಫಾದ ಮೇಲೆ ಅಡ್ಡಾಗುತ್ತಾಳೆ. ಆಗ ನಾನು ಬೆಕ್ಕಿನ ಹಾಗೆ ನಡೆಯುತ್ತೇನೆ.

ದೀಪಾವಳಿಗೆ ಇಲ್ಲಿಯ ಕನ್ನಡದವರೆಲ್ಲ ಒಂದು ಶಾಲೆಯ ಹಾಲ್‌ನಲ್ಲಿ ಸೇರಿ, ಮನೆಯಿಂದ ತಂದದ್ದನ್ನು ಹಂಚಿ ಉಣ್ಣುತ್ತೇವೆ. ಅಲ್ಲಿ ನಾನು ತಿಮಿಂಗಿಲದ ಕಥೆ ಶುರು ಮಾಡಿದೆ. ನಾನು ಏನು ಹೇಳಿದರೂ ಅರ್ಧ ಕಳೆದು ಕೇಳಬೇಕೆಂಬುದು ನಮ್ಮ ಗುಂಪಿನಲ್ಲಿ ಬಂದ ರೂಢಿ. ಧಾರವಾಡದ ಪಾಟೀಲ ಅಂಕಲ್, ನಿವೃತ್ತ ಡಾಕ್ಟರು, ಫೋಟೊ ಎಲ್ಲಿ ಎಂದರು. ಇಲ್ಲವೆಂದೆ. ಸುತ್ತಲಿನವರು ನಕ್ಕರು. ಅಂಕಲ್ ಮೇಜಿನ ಆಚೆ ಪಲ್ಯ ಬಡಿಸುತ್ತಿದ್ದ ಗಿರಿಜಾಳ ಕಡೆ ತಿರುಗಿದರು.

"ಏನವಾ ಗಿರಿಜಾ, ಖರೇನ? ನೀನರ ನೋಡಿದೇನು?"

ಅಷ್ಟು ಜನರ ನಡುವೆ ಅವಳನ್ನು ಕೇಳಬಾರದ ಪ್ರಶ್ನೆ ಅದು ಎಂದು ಅವರಿಗೆ ಹೇಗೆ ಗೊತ್ತಾಗಬೇಕು. ಗಿರಿಜಾ ಕೈಯಲ್ಲಿನ ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ಇಲ್ರಿ ಅಂಕಲ್," ಎಂದಳು, ನಗುತ್ತ. "ನಾ ಮಲಗಿದ್ದೆ."